ವರ್ಡ್‌ಸ್ಟಾರ್‌ನಿಂದ ಡಾಕ್ಸ್‌ವರೆಗೆ: ಹಳೆ ಬರಹಗಳ ಫೋಲ್ಡರ್ ಒಂದರ ದುರಸ್ತಿ

ಇದು ನಿವೃತ್ತ ಮೇಷ್ಟ್ರು ಒಬ್ಬರ ಬರಹಗಳ ಫೋಲ್ಡರ್. ಪಾಠದ ಟಿಪ್ಪಣಿ, ಪ್ರಶ್ನೆಪತ್ರಿಕೆ, ಭಾಷಣ, ಪತ್ರ, ಮುಗಿಯದೇ ಉಳಿದ ಒಂದು ವ್ಯಾಕರಣದ ಪುಸ್ತಕ ಇದರಲ್ಲಿವೆ. ಬೇರೆ ಬೇರೆ ಕಾಲದಲ್ಲಿ, ಕೈಗೆ ಸಿಕ್ಕಿದ ಪ್ರೋಗ್ರಾಮಿನಲ್ಲಿ ಬರೆದದ್ದು. ಕೆಲವು ಫೈಲು ತೆರೆಯುವುದೇ ಇಲ್ಲ. ತೆರೆದವುಗಳಲ್ಲೂ ಎಷ್ಟೋ ಕಡೆ ಕನ್ನಡದ ಬದಲು ಪೌಂಡ್ ಗುರುತು, ತಲೆ ಮೇಲೆ ಗೀಟು ಹೊತ್ತ ಯುರೋಪಿನ ಅಕ್ಷರಗಳು ಕಾಣುತ್ತವೆ.

ಅವರು ಕೇಳಿದ್ದು ಇಷ್ಟೇ. ಎಲ್ಲವೂ ಇವತ್ತಿನ ಕಂಪ್ಯೂಟರಿನಲ್ಲಿ ತೆರೆಯಬೇಕು, ತಿದ್ದಲು ಬರಬೇಕು, ಒಂದು ಪದ ಹುಡುಕಿದರೆ ಸಿಗಬೇಕು. ಈ ಮೂರನೆಯದೇ ನಿಜವಾದ ಪರೀಕ್ಷೆ ಅಂತ ನಾನು ನಂಬುತ್ತೇನೆ. ಪುಟ ಕಣ್ಣಿಗೆ ಸರಿಯಾಗಿ ಕಂಡರೂ ಒಳಗಿನ ಪಠ್ಯ ಹಾಳಾಗಿರಬಹುದು. ಹುಡುಕಿ ಸಿಕ್ಕಿದರೆ ಮಾತ್ರ ಅಕ್ಷರ ಉಳಿದಿದೆ ಎಂದು ಧೈರ್ಯವಾಗಿ ಹೇಳಬಹುದು.

ಮೂಲಕ್ಕೆ ಬೀಗ

ಯಾವ ಫೈಲನ್ನೂ ತೆರೆಯುವ ಮುಂಚೆ ಇಡೀ ಫೋಲ್ಡರಿನ ನಕಲು ತೆಗೆದು, ಮೂಲವನ್ನು ಓದಲು ಮಾತ್ರ ಬರುವಂತೆ ಮಾಡಿದೆ. ಪ್ರತಿ ಫೈಲಿನ ಎಸ್‌ಎಚ್‌ಎ-256 ಎಂಬ ಪರಿಶೀಲನಾ ಮೊತ್ತ ಲೆಕ್ಕ ಹಾಕಿ ಒಂದು ಪಟ್ಟಿಯಲ್ಲಿ ಇಟ್ಟೆ. ಫೈಲು ಒಂದು ಬೈಟ್ ಬದಲಾದರೂ ಈ ಮೊತ್ತ ಬದಲಾಗುತ್ತದೆ. ಫೈಲಿನ ಕೊನೆಯ ತಿದ್ದುಪಡಿ ದಿನಾಂಕವನ್ನೂ ಅದೇ ಪಟ್ಟಿಗೆ ಸೇರಿಸಿದೆ. ಹೊಸ ರೂಪದಲ್ಲಿ ಉಳಿಸಿದ ತಕ್ಷಣ ಆ ದಿನಾಂಕ ಇವತ್ತಿನದಾಗಿಬಿಡುತ್ತದೆ. ಯಾವ ಪತ್ರ ಯಾವ ವರ್ಷದ್ದು ಎಂಬ ಸುಳಿವು ಎಷ್ಟೋ ಸಲ ಬೇರೆಲ್ಲೂ ಇರುವುದಿಲ್ಲ.

ಇನ್ನೊಂದು ನಿಯಮವನ್ನೂ ಇಲ್ಲೇ ಹಾಕಿಕೊಂಡೆ. ಪರಿವರ್ತಿಸಿದ್ದನ್ನು ಮತ್ತೆ ಪರಿವರ್ತಿಸಬಾರದು. ವರ್ಡಿನ ಹಳೆಯ ಫೈಲ್ ರೂಪ ಡಾಕ್‌ನಿಂದ ಆರ್‌ಟಿಎಫ್ ಎಂಬ ರೂಪ, ಅಲ್ಲಿಂದ ಓಡಿಟಿ ಎಂಬ ರೂಪ, ಅಲ್ಲಿಂದ ವರ್ಡಿನ ಹೊಸ ರೂಪ ಡಾಕ್ಸ್ ಅಂತ ಹೋದರೆ ಪ್ರತಿ ಹೆಜ್ಜೆಯಲ್ಲೂ ಎರಡೂ ಕಡೆಯವರಿಗೆ ಅರ್ಥವಾಗುವಷ್ಟು ಮಾತ್ರ ದಾಟುತ್ತದೆ. ಒಮ್ಮೆ ಬಿದ್ದುಹೋದ ಅಡಿಟಿಪ್ಪಣಿ ಮುಂದಿನ ಹೆಜ್ಜೆಯಲ್ಲಿ ವಾಪಸ್ ಬರುವುದಿಲ್ಲ. ಫಲಿತಾಂಶ ಸರಿ ಬರದಿದ್ದರೆ ಮೂಲಕ್ಕೇ ಹೋಗಿ ಹೊಸದಾಗಿ ಶುರು ಮಾಡಬೇಕು.

ಬಾಲ ನೋಡಬೇಡಿ, ತಲೆ ನೋಡಿ

ಫೈಲಿನ ಹೆಸರಿನ ಕೊನೆಯಲ್ಲಿರುವ ಬಾಲ ನಂಬಲು ಯೋಗ್ಯವಲ್ಲ. ಈ ಫೋಲ್ಡರಿನಲ್ಲಿ ಡಾಕ್ ಎಂಬ ಬಾಲ ಇದ್ದವುಗಳಲ್ಲಿ ನಾಲ್ಕು ಬೇರೆ ಬೇರೆ ಜಾತಿ ಸಿಕ್ಕವು. ಫೈಲಿನ ಬೈಟುಗಳನ್ನು ಸಂಕೇತಗಳಾಗಿ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ಮೊದಲ ಕೆಲವು ಬೈಟ್ ನೋಡಿದರೆ ವಿಷಯ ಗೊತ್ತಾಗುತ್ತದೆ. ಡಿ0 ಸಿಎಫ್ 11 ಇ0 ಎಂದು ಶುರುವಾದರೆ ಅದು ಹಳೆಯ ಮೈಕ್ರೋಸಾಫ್ಟ್ ಬೈನರಿ ಕಟ್ಟು, ಅಂದರೆ ನಿಜವಾದ ಡಾಕ್ ಇರಬಹುದು. ಪಿ, ಕೆ ಎಂಬ ಎರಡು ಅಕ್ಷರದಿಂದ ಶುರುವಾದರೆ ಅದು ಜಿಪ್ ಕಟ್ಟು. ಡಾಕ್ಸ್ ಮತ್ತು ಓಡಿಟಿ ಎರಡೂ ಒಳಗೆ ಜಿಪ್ಪೇ. ಎಡ ಪುಷ್ಪಾವರಣ ({), ಹಿಂದೋರೆ ಗೀಟು (\), ಆಮೇಲೆ ಆರ್‌ಟಿಎಫ್ ಎಂದಿದ್ದರೆ ಅದು ಆರ್‌ಟಿಎಫ್. ಕೆಲವು ಡಾಕ್‌ಗಳು ನೇರ ಎಚ್‌ಟಿಎಂಎಲ್ ಆಗಿದ್ದವು. ಜಾಲತಾಣದ ಪುಟವೊಂದು ಡಾಕ್ ಅಂತ ಹೆಸರಿಟ್ಟು ಇಳಿಸಿಕೊಟ್ಟ ಫೈಲುಗಳು ಅವು. ಅಂಥವುಗಳಲ್ಲಿ ಚಿತ್ರ ಫೈಲಿನ ಒಳಗೆ ಇರುವುದಿಲ್ಲ, ಬರೀ ಕೊಂಡಿ ಇರುತ್ತದೆ. ಆ ಕೊಂಡಿ ಸತ್ತಿದ್ದರೆ ಚಿತ್ರ ಹೋಯಿತು ಅಂತಲೇ ಲೆಕ್ಕ.

ಡಬ್ಲ್ಯುಪಿಎಸ್ ಬಾಲದ ಫೈಲುಗಳಿಗೆ ಇನ್ನೂ ಜಾಸ್ತಿ ಎಚ್ಚರ ಬೇಕು. ಮೈಕ್ರೋಸಾಫ್ಟ್ ವರ್ಕ್ಸ್ ಇದೇ ಬಾಲ ಬಳಸುತ್ತಿತ್ತು. ಡಬ್ಲ್ಯುಪಿಎಸ್ ಆಫೀಸಿನ ರೈಟರ್ ಕೂಡ ಇದನ್ನೇ ಬಳಸುತ್ತದೆ. ಎರಡಕ್ಕೂ ಏನೂ ಸಂಬಂಧವಿಲ್ಲ. ಇಲ್ಲಿದ್ದವು ವರ್ಕ್ಸ್‌ನವು. ಉಚಿತ ಆಫೀಸ್ ಪ್ರೋಗ್ರಾಮ್ ಲಿಬ್ರೆಆಫೀಸಿನ ಒಳಗಿರುವ ಲಿಬ್‌ಡಬ್ಲ್ಯುಪಿಎಸ್ ಅವನ್ನು ತೊಂದರೆಯಿಲ್ಲದೆ ತೆರೆಯಿತು. ವರ್ಡ್‌ಪರ್ಫೆಕ್ಟ್ ಫೈಲುಗಳನ್ನು ಓದಲು ಅದರಲ್ಲೇ ಲಿಬ್‌ಡಬ್ಲ್ಯುಪಿಡಿ ಎಂಬ ಇನ್ನೊಂದು ಭಾಗ ಇದೆ. ಹಳೆ ರೂಪಗಳ ಮಟ್ಟಿಗೆ ಲಿಬ್ರೆಆಫೀಸಿನಷ್ಟು ದೊಡ್ಡ ಮನಸ್ಸಿನ ಪ್ರೋಗ್ರಾಮ್ ನಾನು ಕಂಡಿಲ್ಲ.

ಬಾಲವೇ ಇಲ್ಲದ ಕೆಲವು ಇಂಗ್ಲಿಷ್ ಪತ್ರಗಳು ವರ್ಡ್‌ಸ್ಟಾರ್‌ನವು. ಸಾದಾ ಪಠ್ಯದ ಎಡಿಟರಿನಲ್ಲಿ ತೆರೆದರೆ ಪ್ರತಿ ಪದದ ಕೊನೆಯ ಅಕ್ಷರ ಮಾತ್ರ ವಿಚಿತ್ರವಾಗಿ ಕಾಣುತ್ತದೆ, ಉಳಿದದ್ದು ಸರಿಯಿದೆ. ಇದು ವರ್ಡ್‌ಸ್ಟಾರ್‌ನ ಗುರುತು. 1978ರಲ್ಲಿ ಬಂದ ಈ ಪ್ರೋಗ್ರಾಮ್ ಸಾಲು ಹೊಂದಿಸುವ ಅನುಕೂಲಕ್ಕೆ ಪದದ ಕೊನೆಯ ಅಕ್ಷರದ ಎಂಟನೆಯ ಬಿಟ್ಟನ್ನು ಹಚ್ಚಿಡುತ್ತಿತ್ತು. ಆ ಬಿಟ್ಟನ್ನು ಎಲ್ಲ ಬೈಟಿನಿಂದ ತೆಗೆದುಹಾಕಿದರೆ ಇಂಗ್ಲಿಷ್ ಪಠ್ಯ ಹಾಗೇ ಮೇಲೆದ್ದು ಬರುತ್ತದೆ. ಸಾಲಿನ ಮೊದಲಲ್ಲಿ ಚುಕ್ಕಿಯಿಂದ ಶುರುವಾಗುವ ಆಜ್ಞೆಗಳನ್ನು ಓದಿ ಪುಟ ಎಲ್ಲಿ ಮುರಿಯುತ್ತಿತ್ತು ಎಂದು ಗುರುತು ಮಾಡಿಕೊಂಡೆ. ಚಿಕ್ಕದೊಂದು ಪೈಥಾನ್ ಸ್ಕ್ರಿಪ್ಟಿನ, ಅಂದರೆ ಪುಟ್ಟ ಪ್ರೋಗ್ರಾಮಿನ, ಕೆಲಸ ಅಷ್ಟೇ.

ಒಟ್ಟಿಗೆ ಪರಿವರ್ತನೆ

ನಿಜವಾದ ಡಾಕ್‌ಗಳಿಗೆ ಲಿಬ್ರೆಆಫೀಸನ್ನು ಕಿಟಕಿ ಇಲ್ಲದೆ, ಹೆಡ್‌ಲೆಸ್ ಆಗಿ ಓಡಿಸಿದೆ. ಕನ್ವರ್ಟ್-ಟು ಆಯ್ಕೆಗೆ ಡಾಕ್ಸ್ ಎಂದು ಕೊಟ್ಟು, ಔಟ್‌ಡಿರ್ ಆಯ್ಕೆಗೆ ಬೇರೆ ಫೋಲ್ಡರಿನ ಹೆಸರು ಕೊಟ್ಟರೆ ಸಾಕು, ಸಾಲಾಗಿ ಎಲ್ಲವನ್ನೂ ಮಾಡಿಕೊಡುತ್ತದೆ. ಲಿಬ್ರೆಆಫೀಸಿನ ಕಿಟಕಿ ಬೇರೆಲ್ಲೋ ತೆರೆದಿದ್ದರೆ ಈ ಆಜ್ಞೆ ಏನೂ ಮಾಡದೆ ಸುಮ್ನೆ ಮುಗಿದುಬಿಡಬಹುದು. ಕಿಟಕಿ ಮುಚ್ಚಿ, ಇಲ್ಲವೇ ಬೇರೆ ಪ್ರೊಫೈಲ್ ಫೋಲ್ಡರ್ ತೋರಿಸಿ ಓಡಿಸಿ.

ಪ್ಯಾನ್‌ಡಾಕ್ ಎಂಬ ಪರಿವರ್ತಕವೂ ಒಳ್ಳೆಯ ಸಾಧನ, ಆದರೆ ಅದು ಹಳೆಯ ಬೈನರಿ ಡಾಕ್ ಓದುವುದಿಲ್ಲ. ಡಾಕ್ಸ್ ಆದ ಮೇಲೆ ಬರೀ ಪಠ್ಯ ಹೊರತೆಗೆದು ಹೋಲಿಸಲು ಅದನ್ನು ಇಟ್ಟುಕೊಂಡೆ.

ಪುಟಗಳ ಸಂಖ್ಯೆ ಬದಲಾದರೆ ಗಾಬರಿಯಾಗಬೇಡಿ. ಮೂಲದಲ್ಲಿದ್ದ ಫಾಂಟ್ ನಿಮ್ಮ ಯಂತ್ರದಲ್ಲಿ ಇಲ್ಲದಿದ್ದರೆ ಅಕ್ಷರದ ಅಗಲ ಬದಲಾಗುತ್ತದೆ, ಸಾಲು ಬೇರೆ ಕಡೆ ಮುರಿಯುತ್ತದೆ, ಪುಟ ಜರಗುತ್ತದೆ. ಇಂಗ್ಲಿಷ್ ಭಾಗಕ್ಕೆ ಇದಕ್ಕೊಂದು ಒಳ್ಳೆಯ ಪರಿಹಾರ ಇದೆ. ಲಿಬರೇಷನ್ ಸೆರಿಫ್ ಫಾಂಟಿನ ಅಗಲ ಟೈಮ್ಸ್ ನ್ಯೂ ರೋಮನ್‌ಗೆ ಸರಿಸಮ, ಲಿಬರೇಷನ್ ಸ್ಯಾನ್ಸ್ ಏರಿಯಲ್‌ಗೆ, ಕಾರ್ಲಿಟೋ ಕ್ಯಾಲಿಬ್ರಿಗೆ, ಕ್ಯಾಲಡಿಯಾ ಕೇಂಬ್ರಿಯಾಗೆ. ಇವನ್ನು ಹಾಕಿಕೊಂಡರೆ ಪುಟ ಬಹುಪಾಲು ಇದ್ದಲ್ಲೇ ನಿಲ್ಲುತ್ತದೆ.

ನುಡಿ ಫೈಲುಗಳು: ಕೆಲಸದ ಹೊಟ್ಟೆ ಇಲ್ಲಿದೆ

ಇಲ್ಲಿಯವರೆಗೆ ಆದದ್ದು ಕಟ್ಟಿನ ಬದಲಾವಣೆ. ಕನ್ನಡದ ಫೈಲುಗಳಿಗೆ ಅದು ಸಾಲದು. ಕನ್ನಡ ಬರೆಯುವ ಪ್ರೋಗ್ರಾಮ್ ನುಡಿಯ ಹಳೆಯ ಫಾಂಟಿನಲ್ಲಿ ಬರೆದ ಕಡತವನ್ನು ಡಾಕ್ಸ್ ಮಾಡಿದರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳೇ. ಕನ್ನಡ ಎಂಬ ಪದವನ್ನೇ ತೆಗೆದುಕೊಳ್ಳಿ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಇವತ್ತಿನ ಮಾನಕವಾದ ಯೂನಿಕೋಡಿನಲ್ಲಿ ಅದು ಐದು ಸಂಕೇತ: ಕ, ನ, ವಿರಾಮ (ಅರ್ಧಾಕ್ಷರದ ಚಿಹ್ನೆ), ನ, ಡ. ನುಡಿಯಲ್ಲಿ ಏಳು. ಕ ಅಕ್ಷರದ ಮೈ ಒಂದು, ಅದರ ತಲೆಕಟ್ಟು ಇನ್ನೊಂದು, ನ ಅಕ್ಷರದ ಮೈಗೆ ಪೌಂಡ್ ಗುರುತು, ಮತ್ತೆ ತಲೆಕಟ್ಟು, ನ ಒತ್ತು, ಡ ಮೈ, ಮತ್ತೆ ತಲೆಕಟ್ಟು. ಫಾಂಟ್ ಇದ್ದಾಗ ಈ ತುಂಡುಗಳು ಕೂಡಿ ಕನ್ನಡವಾಗಿ ಕಾಣುತ್ತವೆ. ಫಾಂಟ್ ತೆಗೆದರೆ ಬರೀ ತುಂಡು ಉಳಿಯುತ್ತದೆ. ಗೂಗಲ್ ಡಾಕ್ಸಿಗೆ ಹಾಕಿದರೆ ಪರದೆ ತುಂಬ ಗೀಟು ಬರುವುದು ಇದಕ್ಕೇ.

ಯೂನಿಕೋಡ್ ಉಚ್ಚಾರಣೆಯ ಕ್ರಮದಲ್ಲಿ ಅಕ್ಷರ ಇಡುತ್ತದೆ. ನುಡಿಯ ಹಳೆಯ ಸಂಕೇತ ಕಣ್ಣಿಗೆ ಕಾಣುವ ಕ್ರಮದಲ್ಲಿ ಇಡುತ್ತದೆ. ಈ ಒಂದು ವ್ಯತ್ಯಾಸದಿಂದ ಪರಿವರ್ತನೆ ಬರೀ ಅದಲುಬದಲಾಗಿ ಉಳಿಯುವುದಿಲ್ಲ.

ಹಳ್ಳಿ ಎಂಬ ಪದದಲ್ಲಿ ನುಡಿ ಮೊದಲು ಳಿ ಇಟ್ಟು ಆಮೇಲೆ ಳ ಒತ್ತು ಇಡುತ್ತದೆ. ಯೂನಿಕೋಡಿಗೆ ಳ, ವಿರಾಮ, ಳ ಬಂದ ಮೇಲೆ ಕೊನೆಗೆ ಗುಡಿಸು ಬೇಕು. ಧರ್ಮದಲ್ಲಿ ಅರ್ಕಾವತ್ತು ಕೊನೆಗೆ ಬರುತ್ತದೆ, ಆದರೆ ಯೂನಿಕೋಡಿನಲ್ಲಿ ರ ಮತ್ತು ವಿರಾಮ ಮಕಾರಕ್ಕಿಂತ ಮುಂಚೆ ಇರಬೇಕು. ಕೋ ಎಂಬ ಅಕ್ಷರಕ್ಕೆ ಮೈ, ಏತ್ವ, ಕೊಂಬು, ದೀರ್ಘ ಎಂದು ನಾಲ್ಕು ತುಂಡು ಇರುತ್ತದೆ. ಮೈ ಬಿಟ್ಟು ಉಳಿದ ಮೂರೂ ಸೇರಿ ಒಂದೇ ಸ್ವರಚಿಹ್ನೆ ಆಗಬೇಕು.

ಎಲ್ಲಕ್ಕಿಂತ ಜಾಸ್ತಿ ಕೆಡುವುದು ಮ ಮತ್ತು ಯ. ನುಡಿಯಲ್ಲಿ ಮ ಅಕ್ಷರ ಎಂದರೆ ವ ಅಕ್ಷರದ ಮೈ, ತಲೆಕಟ್ಟು, ಅದಕ್ಕೊಂದು ಕೊಂಬು. ಸ್ಕ್ರಿಪ್ಟು ಚಿಕ್ಕ ತುಂಡನ್ನು ಮೊದಲು ಬದಲಿಸಿದರೆ ಮನೆ ಹೋಗಿ ವುನೆ ಆಗುತ್ತದೆ. ಯ ಶುರುವಾಗುವುದು ಅನುಸ್ವಾರಕ್ಕೂ ಬಳಸುವ ಸಂಕೇತದಿಂದ. ಅದನ್ನು ಒಡೆದು ಓದಿದರೆ ಒಂದು ಸೊನ್ನೆ, ಅದರ ಪಕ್ಕ ಇಂಗ್ಲಿಷಿನ ಚಿಕ್ಕ ಐ, ಮತ್ತೆರಡು ಗೀಟು ಸಿಗುತ್ತವೆ. ಜಾಲದಲ್ಲಿ ಕನ್ನಡ ಓದುವ ಎಲ್ಲರೂ ಈ ಮುರಿದ ಯಕಾರ ನೋಡಿಯೇ ಇರುತ್ತಾರೆ, ಅಲ್ವಾ? ಪರಿಹಾರ ಸರಳ. ಯಾವ ನುಡಿ ತುಂಡಿಗೆ ಯಾವ ಯೂನಿಕೋಡ್ ಅಕ್ಷರ ಎಂದು ಹೇಳುವ ನಕ್ಷೆಯಲ್ಲಿರುವ ಜೋಡಿಗಳನ್ನು ಉದ್ದದ ಪ್ರಕಾರ ಜೋಡಿಸಿ, ಉದ್ದದ್ದನ್ನೇ ಮೊದಲು ಹೊಂದಿಸಬೇಕು.

ಈ ಪರಿವರ್ತನೆಗೆ ಸಿದ್ಧ ಸಾಧನಗಳು ಇವೆ. ನುಡಿ ಮತ್ತು ಬರಹ ಎಂಬ ಇನ್ನೊಂದು ಕನ್ನಡ ಪ್ರೋಗ್ರಾಮ್, ಎರಡರ ಜೊತೆಗೂ ಪರಿವರ್ತಕ ಬರುತ್ತದೆ. ಬರೀ ಪಠ್ಯ ಸಾಕಾದರೆ ಅವನ್ನೇ ಬಳಸಿ, ಬೇರೆ ತಲೆನೋವು ಬೇಡ. ನನಗೆ ಶೀರ್ಷಿಕೆ, ಕೋಷ್ಟಕ, ಅಡಿಟಿಪ್ಪಣಿ ಎಲ್ಲ ಇದ್ದಲ್ಲೇ ಉಳಿಯಬೇಕಿತ್ತು. ಅದಕ್ಕೆ ಡಾಕ್ಸ್ ಬಿಚ್ಚಿ, ಒಳಗಿನ ಎಕ್ಸ್‌ಎಂಎಲ್, ಅಂದರೆ ಗುರುತುಗಳನ್ನು ಹಾಕಿದ ಪಠ್ಯದ ಮೇಲೇ ಕೆಲಸ ಮಾಡಿದೆ.

ಡಾಕ್ಸಿನ ಒಳಗೆ ಪಠ್ಯ ರನ್ ಎಂಬ ತುಂಡುಗಳಲ್ಲಿ ಇರುತ್ತದೆ. ಒಂದೇ ಫಾಂಟು, ಒಂದೇ ಗಾತ್ರ ಇದ್ದ ಅಕ್ಷರಗಳು ಒಂದು ರನ್. ನುಡಿ ಫಾಂಟ್ ಇರುವ ರನ್ ಮಾತ್ರ ಬದಲಿಸಬೇಕು, ಇಂಗ್ಲಿಷ್ ಫಾಂಟಿನದನ್ನು ಮುಟ್ಟಬಾರದು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ನಡುವೆ ಬಂದ ಇಂಗ್ಲಿಷ್ ಹೆಸರುಗಳು ಅರ್ಥವಿಲ್ಲದ ಕನ್ನಡ ಆಗುತ್ತವೆ. ಕೇಳಲು ಸುಲಭ, ಮಾಡಲು ಕೂತರೆ ಎರಡು ತೊಡಕು.

ಒಂದು, ಫಾಂಟಿನ ಹೆಸರು ರನ್ ಮೇಲೆ ಇರಲೇಬೇಕೆಂದಿಲ್ಲ. ಅದು ಪ್ಯಾರಾ ಸ್ಟೈಲಿನಲ್ಲಿ ಇರಬಹುದು, ಆ ಸ್ಟೈಲು ಇನ್ನೊಂದು ಸ್ಟೈಲಿನಿಂದ ಪಡೆದಿರಬಹುದು, ಅಥವಾ ಇಡೀ ಕಡತದ ಮೂಲ ಆಯ್ಕೆಯಲ್ಲಿ ಇರಬಹುದು. ರನ್‌ನಿಂದ ಹಿಡಿದು ಮೇಲಿನವರೆಗೂ ಹತ್ತಿ ಹೋಗಿ ನಿಜವಾದ ಫಾಂಟ್ ಯಾವುದೆಂದು ಕೇಳುವ ಚಿಕ್ಕ ಫಂಕ್ಷನ್ ಬರೆಯಬೇಕಾಯಿತು.

ಎರಡು, ವರ್ಡ್ ಒಂದು ಪದವನ್ನು ಬೇಕಾಬಿಟ್ಟಿ ತುಂಡು ಮಾಡುತ್ತದೆ. ನಡುವೆ ತಿದ್ದಿದ್ದರೆ ಅಥವಾ ಕಾಗುಣಿತ ಪರೀಕ್ಷೆ ಗುರುತು ಹಾಕಿದ್ದರೆ ಮೈ ಒಂದು ರನ್‌ನಲ್ಲಿ, ಅದರ ಒತ್ತು ಮುಂದಿನ ರನ್‌ನಲ್ಲಿ ಇರುತ್ತದೆ. ಹಾಗೇ ಬದಲಿಸಿದರೆ ಒತ್ತು ಅನಾಥ. ಅದಕ್ಕೆ ಮೊದಲು ಕಾಗುಣಿತದ ಗುರುತು ತೆಗೆದು, ಒಂದೇ ಗುಣದ ಅಕ್ಕಪಕ್ಕದ ರನ್‌ಗಳನ್ನು ಕೂಡಿಸಿದೆ. ಆಮೇಲೆ ಪರಿವರ್ತನೆ.

ಫಾಂಟಿನ ಹೆಸರು ನೋಡಿಯೇ ನಕ್ಷೆ ಆರಿಸಬೇಕು ಎಂಬುದನ್ನೂ ಮರೆಯಬೇಡಿ. ಶ್ರೀಲಿಪಿ ಫಾಂಟುಗಳ ಸಂಕೇತವೇ ಬೇರೆ. ನುಡಿಯ ನಕ್ಷೆ ಅದಕ್ಕೆ ಹೊಂದುವುದಿಲ್ಲ.

ಪಠ್ಯ document ಎಂಬ ಮುಖ್ಯ ಕಡತದಲ್ಲಿ ಮಾತ್ರ ಇರುವುದಿಲ್ಲ. ಅಡಿಟಿಪ್ಪಣಿಗೆ ಬೇರೆ ಕಡತ, ಪುಟದ ತಲೆ ಮತ್ತು ಕಾಲಿಗೆ ಬೇರೆ, ಕಾಮೆಂಟಿಗೆ ಬೇರೆ. ಪಠ್ಯದ ಪೆಟ್ಟಿಗೆಗಳನ್ನು ವರ್ಡ್ ಎರಡು ಸಲ ಬರೆದಿಡುತ್ತದೆ, ಹೊಸ ಪ್ರೋಗ್ರಾಮಿಗೆ ಒಂದು ರೂಪ, ಹಳೆಯದಕ್ಕೆ ಇನ್ನೊಂದು. ಎರಡನ್ನೂ ಬದಲಿಸಬೇಕು. ಒಂದನ್ನು ಬಿಟ್ಟರೆ ನಿಮ್ಮ ಯಂತ್ರದಲ್ಲಿ ಸರಿಯಾಗಿ ಕಂಡದ್ದು ಇನ್ನೊಬ್ಬರ ಯಂತ್ರದಲ್ಲಿ ಗೀಟಾಗಿ ಕಾಣಬಹುದು.

ದಪ್ಪ ಅಕ್ಷರ ಎಲ್ಲಿ ಹೋಯಿತು

ಪರಿವರ್ತನೆ ಮುಗಿಸಿ ತೆರೆದರೆ ಅಕ್ಷರ ಎಲ್ಲ ಸರಿ, ಆದರೆ ಶೀರ್ಷಿಕೆಗಳು ಚಿಕ್ಕದಾಗಿ, ತೆಳ್ಳಗೆ ಕಾಣುತ್ತವೆ. ಇದರ ಕಾರಣ ಗೊತ್ತಿಲ್ಲದೆ ಎಷ್ಟೋ ಜನ ಪ್ರತಿ ಶೀರ್ಷಿಕೆಯನ್ನೂ ಕೈಯಲ್ಲಿ ಮತ್ತೆ ದಪ್ಪ ಮಾಡುತ್ತಾ ಕೂರುತ್ತಾರೆ.

ಡಾಕ್ಸಿನಲ್ಲಿ ಪ್ರತಿ ರನ್‌ಗೂ ಎರಡು ಸೆಟ್ ಗುಣಗಳಿವೆ. ಒಂದು ಲ್ಯಾಟಿನ್ ಲಿಪಿಗೆ, ಇನ್ನೊಂದು ಸಂಕೀರ್ಣ ಲಿಪಿ ಎಂದು ಕರೆಯುವ ಗುಂಪಿಗೆ. ಕನ್ನಡ ಎರಡನೆಯದರಲ್ಲಿದೆ. ಗಾತ್ರ, ದಪ್ಪ, ಓರೆ, ಫಾಂಟಿನ ಹೆಸರು ಎಲ್ಲವೂ ಎರಡೆರಡು. ನುಡಿ ಪಠ್ಯ ಒಳಗೆ ಲ್ಯಾಟಿನ್ ಆಗಿದ್ದರಿಂದ ಅದರ ಗಾತ್ರ, ದಪ್ಪ ಎಲ್ಲ ಮೊದಲ ಸೆಟ್ಟಿನಲ್ಲಿ ಇತ್ತು. ಯೂನಿಕೋಡ್ ಆದ ಕೂಡಲೇ ಪ್ರೋಗ್ರಾಮ್ ಎರಡನೆಯ ಸೆಟ್ ನೋಡುತ್ತದೆ, ಅಲ್ಲಿ ಏನೂ ಇರುವುದಿಲ್ಲ. ಸ್ಕ್ರಿಪ್ಟಿನಲ್ಲಿ ಮೊದಲ ಸೆಟ್ಟಿನ ಗುಣಗಳನ್ನು ಎರಡನೆಯದಕ್ಕೂ ನಕಲು ಮಾಡಿ, ಫಾಂಟಿಗೆ ನೋಟೋ ಸೆರಿಫ್ ಕನ್ನಡ ಎಂದು ಕೊಟ್ಟೆ. ಸ್ಟೈಲುಗಳಿಗೂ ಇದನ್ನೇ ಮಾಡಬೇಕು. ಗಾತ್ರವನ್ನು ಅರ್ಧ ಪಾಯಿಂಟ್ ಲೆಕ್ಕದಲ್ಲಿ ಬರೆದಿರುತ್ತಾರೆ, 24 ಎಂದರೆ 12 ಪಾಯಿಂಟ್. ಲಿಬ್ರೆಆಫೀಸಿನಲ್ಲಿ ಕೈಯಿಂದ ತಿದ್ದುವವರು ಭಾಷೆಯ ಆಯ್ಕೆಗಳಲ್ಲಿ ಸಂಕೀರ್ಣ ಲಿಪಿಯನ್ನು ಹಚ್ಚಿಕೊಳ್ಳಿ. ಆಗ ಅದಕ್ಕೆ ಬೇರೆ ಫಾಂಟ್ ಪೆಟ್ಟಿಗೆ ಕಾಣುತ್ತದೆ.

ಪ್ರಶ್ನೆಪತ್ರಿಕೆಗಳದ್ದು ಬೇರೆ ಕಥೆ. ಅಂಕಗಳನ್ನು ಬಲಗಡೆಗೆ ತಳ್ಳಲು ಮೇಷ್ಟ್ರು ಸ್ಪೇಸ್ ಬಾರ್ ಒತ್ತಿದ್ದರು. ಅಕ್ಷರದ ಅಗಲ ಬದಲಾದ ಮೇಲೆ ಅಂಕಗಳ ಸಾಲು ಹಾವಿನ ಹಾಗೆ ಹರಿಯಿತು. ಸಾಲಾಗಿ ಬಂದ ಸ್ಪೇಸುಗಳನ್ನು ಒಂದು ಟ್ಯಾಬ್ ಮಾಡಿ, ಬಲ ಅಂಚಿಗೆ ಬಲಗಡೆಯ ಟ್ಯಾಬ್ ನಿಲುಗಡೆ ಇಟ್ಟೆ. ಇನ್ನು ಯಾವ ಫಾಂಟ್ ಹಾಕಿದರೂ ಅದು ಅಲುಗುವುದಿಲ್ಲ.

ಹುಡುಕಿ ನೋಡುವುದು

ಪರಿವರ್ತನೆಗೆ ಮುಂಚೆಯೇ, ನುಡಿ ಫಾಂಟ್ ಹಾಕಿಕೊಂಡು ಪ್ರತಿ ಮೂಲ ಫೈಲಿನ ಪಿಡಿಎಫ್ ತೆಗೆದಿಟ್ಟಿದ್ದೆ. ಮೂಲ ಹೇಗಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಪಕ್ಕದಲ್ಲಿ ಹೊಸ ಡಾಕ್ಸ್ ಇಟ್ಟು ಓದಿದೆ. ಅದಕ್ಕೂ ಮೊದಲು ಯಂತ್ರದಿಂದ ಆಗುವ ಪರೀಕ್ಷೆಗಳು: ಪ್ಯಾರಾ, ಕೋಷ್ಟಕ, ಅಡಿಟಿಪ್ಪಣಿ, ಚಿತ್ರಗಳ ಎಣಿಕೆ ಎರಡೂ ಕಡೆ ಒಂದೇ ಇದೆಯಾ, ಕನ್ನಡ ರನ್‌ಗಳಲ್ಲಿ ಗೀಟು ಹೊತ್ತ ಲ್ಯಾಟಿನ್ ಅಕ್ಷರ ಉಳಿದಿದೆಯಾ, ವ್ಯಂಜನ ಇಲ್ಲದೆ ಒಂಟಿಯಾಗಿ ನಿಂತ ಸ್ವರಚಿಹ್ನೆ ಇದೆಯಾ. ಕೊನೆಯದು ತುಂಬ ಉಪಯೋಗದ ಪರೀಕ್ಷೆ. ಮುರಿದ ಜಾಗ ನೇರ ಸಿಗುತ್ತದೆ.

ಹಾಗೆ ಸಿಕ್ಕಿದ್ದರಲ್ಲಿ ಒಂದು ಬಗೆ ಕುತೂಹಲದ್ದು. ಪ್ಯಾರಾದ ಮೊದಲ ಅಕ್ಷರ ಡ ಇರಬೇಕಾದಲ್ಲಿ ಕಿ ಇತ್ತು. ನುಡಿಯಲ್ಲಿ ಡ ಅಕ್ಷರದ ಮೈ ಇಂಗ್ಲಿಷಿನ ಚಿಕ್ಕ ಕ್ಯೂ, ಕಿ ದೊಡ್ಡ ಕ್ಯೂ. ಬರೆಯುವಾಗಲೇ ಸ್ವಯಂ ತಿದ್ದುಪಡಿ ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡಿತ್ತು. ಅಂದರೆ ದೋಷ ಮೂಲದಲ್ಲೇ ಇದೆ. ಇಂಥದ್ದನ್ನು ನಾನಾಗಿ ತಿದ್ದಲಿಲ್ಲ. ಗುರುತು ಹಾಕಿ ಮೇಷ್ಟ್ರಿಗೆ ತೋರಿಸಿದೆ, ಅವರು ಸರಿ ಎಂದದ್ದನ್ನು ಮಾತ್ರ ಬದಲಿಸಿದೆ. ಬರಹ ಅವರದ್ದು.

ಇನ್ನೊಂದು ಬಗೆ ಸಾಫ್ಟ್‌ವೇರ್ ಎಂಬಂಥ ಪದಗಳದ್ದು. ಟ್ ಆದ ಮೇಲೆ ವೇ ಬೇರೆಯಾಗಿ ನಿಲ್ಲಬೇಕು. ನುಡಿಯಲ್ಲಿ ಅರ್ಧ ಟಕಾರಕ್ಕೆ ತನ್ನದೇ ರೂಪ ಇರುವುದರಿಂದ ತೊಂದರೆ ಇಲ್ಲ. ಯೂನಿಕೋಡಿನಲ್ಲಿ ವಿರಾಮದ ಪಕ್ಕ ವ್ಯಂಜನ ಬಂದರೆ ಅದು ಒತ್ತಾಗಿಬಿಡುತ್ತದೆ, ಸಾಫ್ಟ್ವೇರ್ ಅಂತ ಕಾಣುತ್ತದೆ. ನಡುವೆ ಶೂನ್ಯ ಅಗಲದ ನಾನ್-ಜಾಯ್ನರ್ ಎಂಬ ಕಾಣದ ಅಕ್ಷರ ಇಡಬೇಕು. ನಕ್ಷೆಯಲ್ಲಿ ಅರ್ಧ ವ್ಯಂಜನದ ನಂತರ ಪೂರ್ಣ ವ್ಯಂಜನದ ಮೈ ಬಂದಾಗೆಲ್ಲ ಅದನ್ನು ಸೇರಿಸುವ ನಿಯಮ ಹಾಕಿದೆ.

ಕೊನೆಗೆ ಇಡೀ ಪಠ್ಯವನ್ನು ಎನ್‌ಎಫ್‌ಸಿ ಎಂಬ ಯೂನಿಕೋಡ್ ರೂಪಕ್ಕೆ ತಂದೆ. ಕೋ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ತುಂಡುಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಹುಡುಕಾಟಕ್ಕೆ ಎಷ್ಟೋ ಪ್ರೋಗ್ರಾಮಿನಲ್ಲಿ ಬೇರೆ ಬೇರೆ. ಇದನ್ನು ಮಾಡಿದ ಮೇಲೆ ವ್ಯಾಕರಣದ ಪುಸ್ತಕದಲ್ಲಿ ಲೋಪಸಂಧಿ ಎಂದು ಹುಡುಕಿದರೆ ಅದು ಬಂದ ಜಾಗಗಳೆಲ್ಲ ಸಿಕ್ಕವು, ಅಡಿಟಿಪ್ಪಣಿಯೂ ಸೇರಿ.

ಉಳಿಸಿದ ರೂಪ, ಉಳಿದ ಕೆಲಸ

ಮೇಷ್ಟ್ರು ವರ್ಡ್ ಬಳಸುತ್ತಾರೆ, ಆದ್ದರಿಂದ ದಿನದ ಬಳಕೆಗೆ ಡಾಕ್ಸ್. ಅದರ ಜೊತೆ ಪಿಡಿಎಫ್/ಎ. ಈ ರೂಪದಲ್ಲಿ ಫಾಂಟ್ ಒಳಗೇ ಅಡಕವಾಗಿರುತ್ತದೆ, 2005ರಲ್ಲಿ ಐಎಸ್‌ಒ ಇದನ್ನು ದೀರ್ಘಕಾಲದ ಸಂಗ್ರಹಕ್ಕೆಂದೇ ಮಾನಕ ಮಾಡಿತು. ಮೂರನೆಯದಾಗಿ ಯೂನಿಕೋಡ್ ಉಳಿಸುವ ಯುಟಿಎಫ್-8 ಸಾದಾ ಪಠ್ಯ. ಅಂದ ಏನೂ ಇಲ್ಲ, ಆದರೆ ಯಾವ ಎಡಿಟರಿನಲ್ಲೂ ತೆರೆಯುತ್ತದೆ. ಮೂಲ ಫೈಲುಗಳು ಬೀಗದೊಳಗೇ ಇವೆ. ಅವುಗಳ ಎಸ್‌ಎಚ್‌ಎ ಮೊತ್ತ ಮತ್ತೆ ಹಾಕಿ ಪಟ್ಟಿಗೆ ತಾಳೆ ನೋಡಿದೆ, ಒಂದೂ ಬದಲಾಗಿಲ್ಲ.

ಗಣಿತದ ಪ್ರಶ್ನೆಪತ್ರಿಕೆಗಳ ಸಮೀಕರಣಗಳು ಇನ್ನೂ ಬಾಕಿ. ಅವು ಹಳೆಯ ಈಕ್ವೇಷನ್ ಎಡಿಟರ್ 3.0ನಲ್ಲಿ ಮಾಡಿದವು. ಭದ್ರತೆಯ ದೋಷದಿಂದಾಗಿ ಮೈಕ್ರೋಸಾಫ್ಟ್ 2018ರ ಜನವರಿಯಲ್ಲಿ ಅದನ್ನು ಆಫೀಸಿನಿಂದ ತೆಗೆದುಹಾಕಿತು. ಈಗ ಸಮೀಕರಣ ಕಾಣುತ್ತದೆ, ತಿದ್ದಲು ಬರುವುದಿಲ್ಲ. ಲಿಬ್ರೆಆಫೀಸಿನ ಲೋಡ್ ಮತ್ತು ಸೇವ್ ಆಯ್ಕೆಗಳಲ್ಲಿ ಇವನ್ನು ಅದರ ಮ್ಯಾಥ್ ರೂಪಕ್ಕೆ ತರುವ ಸೌಲಭ್ಯ ಇದೆ. ಮೂಲದಿಂದಲೇ ಆ ಫೈಲುಗಳನ್ನು ಇನ್ನೊಮ್ಮೆ ಹಾಯಿಸಿ, ಭಿನ್ನರಾಶಿ ಮತ್ತು ವರ್ಗಮೂಲ ಒಂದೊಂದಾಗಿ ಪಿಡಿಎಫ್ ಜೊತೆ ತಾಳೆ ನೋಡುತ್ತಿದ್ದೇನೆ.